ನಾಲ್ಕನೇ ಅಧ್ಯಾಯದ ರಾಕ್ಷಸ

ಪುಸ್ತಕದಲ್ಲಿ ನೀನೂ ಇದ್ದೀಯ ಎಂದು ಅಕ್ಕನೇ ಫೋನಿನಲ್ಲಿ ಹೇಳಿದ್ದಳು. ಎಲ್ಲಿ ಎಂದು ಹೇಳಿರಲಿಲ್ಲ. ಹಾಗಾಗಿ ಶಿವಗಂಗಾ ಬೆಳಿಗ್ಗೆ ಎದ್ದಾಗಿನಿಂದ ತನ್ನನ್ನೇ ಹುಡುಕುತ್ತ ಕೂತಿದ್ದಳು. ಒಲೆಯ ಮೇಲೆ ಬದನೆಕಾಯಿ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ರೊಟ್ಟಿ ಹಿಟ್ಟು ಮೆತ್ತಿದ ಬೆರಳಿನಿಂದ ಹಾಳೆ ಮುಟ್ಟಬಾರದೆಂದು ಮೊಣಕೈಯಲ್ಲಿ ತಿರುವಲು ಹೋಗಿ, ಮೂರು ನಾಲ್ಕು ಹಾಳೆ ಒಟ್ಟಿಗೆ ಹಾರಿ, ಆ ಹಾರಿದ ಹಾಳೆಗಳಲ್ಲೇ ತಾನು ಇದ್ದುಬಿಟ್ಟರೆ ಎಂಬ ಭಯಕ್ಕೆ ಮತ್ತೆ ಹಿಂದಕ್ಕೆ ಬರುತ್ತಿದ್ದಳು. ಹೊದಿಕೆಯ ಮೇಲೆ ಅಕ್ಕ ಕೈ ಎತ್ತಿ ನಿಂತಿದ್ದಳು. ಜನರನ್ನು ಆಶೀರ್ವದಿಸುತ್ತಿದ್ದಾಳೋ ಬಸ್ಸಿಗೆ ಕೈ ಮಾಡುತ್ತಿದ್ದಾಳೋ ತಿಳಿಯುವಂತಿರಲಿಲ್ಲ. ಪುಸ್ತಕಕ್ಕಿಟ್ಟ ಹೆಸರಿನಲ್ಲಿ ಕೆಂಡ, ಪಾದ, ಹೂವು ಮೂರೂ ಬಂದಿದ್ದವು. ಶಿವಗಂಗಾಳಿಗೆ ತಿಳಿದಂತೆ ಅಕ್ಕ ಕೆಂಡದ ಹತ್ತಿರ ಹೋದವಳಲ್ಲ. ಊರಿನ ವೀರಭದ್ರನ ಗುಡಿಯಲ್ಲಿ ಕೆಂಡ ಹಾಯುವಾಗ ಲಂಗದ ಅಂಚು ಸುಟ್ಟೀತೆಂದು ಅವ್ವನ ಬೆನ್ನ ಹಿಂದೆ ನಿಲ್ಲುತ್ತಿದ್ದವಳು. ಮೊದಲಿಗೆ ಒಬ್ಬ ಸ್ವಾಮಿಗಳ ಆಶೀರ್ವಚನ, ಆಮೇಲೆ ನಿವೃತ್ತ ಕುಲಪತಿಗಳೊಬ್ಬರ ಮುನ್ನುಡಿ, ಆಮೇಲೆ ನಿವೃತ್ತ ನ್ಯಾಯಾಧೀಶರೊಬ್ಬರ ಎರಡು ಮಾತು. ಪ್ರತಿ ಮನೆಯ ಹೆಣ್ಣುಮಗಳೂ ಇದನ್ನು ಓದಬೇಕು ಎಂದು ಮೂವರೂ ಬರೆದಿದ್ದರು. ತಾವು ಓದಿದ್ದೇವೆ ಎಂದು ಮಾತ್ರ ಒಬ್ಬರೂ ಬರೆದಿರಲಿಲ್ಲ.

ಅಕ್ಕ ನೀಲಗಂಗಮ್ಮ ಸಣ್ಣ ಹೆಂಗಸಲ್ಲ. ಜಿಲ್ಲಾ ಪಂಚಾಯ್ತಿಯಿಂದ ಮೇಲ್ಮನೆಗೆ, ಮೇಲ್ಮನೆಯಿಂದ ಯಾವುದೋ ನಿಗಮದ ಅಧ್ಯಕ್ಷಗಿರಿಗೆ ಏರಿದವಳು. ಹಡಗಲಿಯಿಂದ ಹರಪನಹಳ್ಳಿಯವರೆಗೆ ಯಾವ ಮಹಿಳಾ ಸಂಘ ಕರೆದರೂ ಹೋಗಿ ಮೈಕು ಹಿಡಿಯುವವಳು. ಗುಡೇಕೋಟೆ ಕಡೆ ಒಂದು ಹಳ್ಳಿಯಲ್ಲಿ ಹೆಂಗಸರನ್ನು ಕೂಡಿಸಿ ಸಾರಾಯಿ ಅಂಗಡಿಯ ಬಾಗಿಲಿಗೆ ಬೀಗ ಹಾಕಿಸಿದ್ದು ಖರೆ. ಹೆಣ್ಣುಮಕ್ಕಳ ಹಾಸ್ಟೆಲಿಗಾಗಿ ಕಚೇರಿಯ ಮೆಟ್ಟಿಲ ಮೇಲೆ ಊಟ ಬಿಟ್ಟು ಕೂತದ್ದೂ ಖರೆ. ತೊಂದರೆಯೇ ಅದು. ಅಕ್ಕ ಪೂರಾ ಸುಳ್ಳುಗಾರ್ತಿಯಾಗಿದ್ದರೆ ಶಿವಗಂಗಾ ಪುಸ್ತಕವನ್ನು ಮಂಡಕ್ಕಿ ಕಟ್ಟಲು ಕೊಟ್ಟು ಸುಮ್ಮನಾಗುತ್ತಿದ್ದಳು. ಇದ್ದದ್ದರ ಪಕ್ಕದಲ್ಲೇ ಇಲ್ಲದ್ದು ಕೂತು, ಎರಡೂ ಒಂದೇ ಅಕ್ಷರದಲ್ಲಿ ಅಚ್ಚಾಗಿ, ಓದುವವಳೇ ಅಪನಂಬಿಕೆಯವಳು ಅನ್ನಿಸುವಂತೆ ಆಗಿತ್ತು.

ಮೊದಲ ಮೂರು ಅಧ್ಯಾಯಗಳಲ್ಲಿ ಬಡತನವಿತ್ತು. ಬಹಳ ಚೆಂದದ ಬಡತನ. ಹರಪನಹಳ್ಳಿ ಕಡೆಯ ಆ ತವರೂರಿನಲ್ಲಿ ಅಪ್ಪನಿಗೆ ಎರಡು ಜೋಡಿ ಎತ್ತು, ಕಲ್ಲು ಕಟ್ಟಿದ ಬಾವಿ, ಹಗೇವಿನ ತುಂಬ ಜೋಳ ಇದ್ದದ್ದು ಶಿವಗಂಗಾಳಿಗೆ ನೆನಪಿತ್ತು. ಪುಸ್ತಕದಲ್ಲಿ ಅಪ್ಪ ಹರಿದ ಧೋತರ ಉಟ್ಟು ಮುಗಿಲು ನೋಡುತ್ತಿದ್ದ. ಬೆಣ್ಣೆಯಿಲ್ಲದ ರೊಟ್ಟಿ ಮುಟ್ಟದ ಅಕ್ಕ ಇಲ್ಲಿ ಅಂಬಲಿ ಕುಡಿದು ಶಾಲೆಗೆ ಹೋಗಿದ್ದಳು. ಬುಡ್ಡಿ ದೀಪದಲ್ಲಿ ಓದಿದಳಂತೆ. ಓದಿದ್ದಳು, ಕರೆಂಟು ಹೋದಾಗ. ಕರೆಂಟು ಹೋದಾಗ ಓದದೆ ಮಲಗಿದ್ದವಳು ತಾನು ಎಂಬುದು ನೆನಪಾಗಿ ಶಿವಗಂಗಾಳ ನಗು ಅರ್ಧಕ್ಕೇ ನಿಂತಿತು. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ನಿರೂಪಣೆ: ಗುರುಮೂರ್ತಿ’ ಎಂದಿತ್ತು. ಅಕ್ಕ ಹೇಳಿದ್ದನ್ನು ಕೂತು ಬರೆದುಕೊಟ್ಟ ನಿವೃತ್ತ ಮೇಷ್ಟ್ರು ಅವರು. ಅಕ್ಕ ಜನ್ಮದಲ್ಲಿ ಆಡದ ವ್ಯವಸ್ಥೆ, ಅಸ್ಮಿತೆ, ಒಡಲುರಿ ಎಂಬ ಮಾತುಗಳನ್ನೆಲ್ಲ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಧಾರಾಳವಾಗಿ ಹಾಕಿದ್ದರು. ಶಿವಗಂಗಾ ‘ಮನೆಮಂದಿಯೆಲ್ಲ’ ಎಂದು ಬಂದಲ್ಲಿ ನಿಂತಳು. ‘ಒಡಹುಟ್ಟಿದವರು’ ಎಂದು ಬಂದಲ್ಲಿಯೂ ನಿಂತಳು. ಗ್ರೂಪ್ ಫೋಟೋದ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಂಡವರ ಹಾಗೆ, ಇದರಲ್ಲಿ ನಾನೂ ಇರಬಹುದು ಎಂದುಕೊಂಡಳು. ಐವತ್ತು ದಾಟಿದ ಹೆಂಗಸು ಒಂದು ಪುಸ್ತಕದಲ್ಲಿ ತನ್ನ ಹೆಸರು ಹುಡುಕುವುದು ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಕುತ್ತಿದ್ದಳು.

“ಇನ್ನ ನಾಕು ಪುಸ್ತಕ ತಗಂಡು ಹೊಂಟೀನಿ,” ಎಂದು ಪಡಸಾಲೆಯಿಂದ ಗಂಡ ಕೊಟ್ರಬಸಪ್ಪ ಕೂಗಿದ. “ಉಜ್ಜಿನಿ ಕಡೇರು ಮದುವಿ ಭಾಂಡೆ ತಗಳಾಕ ಬರ್ತಾರ.”

ಕೊಟ್ಟೂರಿನ ಪ್ಯಾಟೆಯಲ್ಲಿ ಅವನದು ಪಾತ್ರೆ ಅಂಗಡಿ. ಪುಸ್ತಕ ಬಂದ ದಿನದಿಂದ ಅವನಿಗೆ ಒಂದು ಹೊಸ ಹುಚ್ಚು. ಬೆಂಗಳೂರಿನಿಂದ ದೊಡ್ಡ ಕಟ್ಟೇ ತರಿಸಿ ಅಂಗಡಿಯಲ್ಲಿ ಕುಕ್ಕರುಗಳ ಪಕ್ಕ ಜೋಡಿಸಿ, ಮದುವೆಗೆಂದು ಪಾತ್ರೆ ಕೊಳ್ಳಲು ಬಂದವರಿಗೆಲ್ಲ ಒಂದೊಂದು ಕೊಡುತ್ತಿದ್ದ. ಕೊಡದ ತುಂಬ ತಟ್ಟೆ, ತಟ್ಟೆಯ ಮೇಲೆ ಚರಿಗೆ, ಚರಿಗೆಯ ಮೇಲೆ ಅಕ್ಕ. ನಮ್ಮ ಅಕ್ಕನ ಮಗಳು ಬರೆದದ್ದು, ಓದ್ರಿ, ಎಂದು ಹೇಳಿ ಕಳಿಸುತ್ತಿದ್ದ. ಅದು ಸುಳ್ಳಲ್ಲ. ಕೊಟ್ರಬಸಪ್ಪ ಈ ಅಕ್ಕತಂಗಿಯರ ಅವ್ವನ ಬೆನ್ನಿಗೆ ಬಿದ್ದ ತಮ್ಮ. ನೀಲಗಂಗಾ, ಶಿವಗಂಗಾ ಇಬ್ಬರಿಗೂ ಸೋದರಮಾವ. ಮದುವೆಯಾಗಿ ಇಷ್ಟು ವರ್ಷವಾದರೂ ಶಿವಗಂಗಾ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಅವನು ಪೇಪರು ಬಿಟ್ಟು ಬೇರೆ ಓದಿದ್ದನ್ನು ಅವಳು ಕಂಡಿರಲಿಲ್ಲ. ಪೇಪರಿನಲ್ಲೂ ಸ್ಟೀಲಿನ ಧಾರಣೆ ಮತ್ತು ಸತ್ತವರ ಫೋಟೋ, ಅಷ್ಟೇ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವನು ಅಕ್ಕನನ್ನು ನಾಲ್ಕು ಪ್ರತಿಗಳಲ್ಲಿ ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಪುಸ್ತಕದ ಕಾರ್ಯಕ್ರಮಕ್ಕೆ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು.

ಅವನು ಹೋದ ಮೇಲೆ ಶಿವಗಂಗಾ ನಾಲ್ಕನೇ ಅಧ್ಯಾಯಕ್ಕೆ ಬಂದಳು. ಅದಕ್ಕೆ ‘ಒಲ್ಲೆ’ ಎಂದು ಹೆಸರು. ಮೊದಲ ಸಾಲಿನಲ್ಲೇ, ನನ್ನನ್ನು ಕೇಳದೆ ನನ್ನ ಮದುವೆ ನಿಶ್ಚಯವಾಯಿತು, ಎಂದಿತ್ತು. ‘ಗಂಡು ನಮ್ಮ ಬಳಗದವನೇ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು. ಎಲೆ ಅಡಿಕೆಯಿಂದ ಕೆಂಪಾದ ಹಲ್ಲು, ರಾಕ್ಷಸನ ನಗು. ಅಂಗಡಿಯಲ್ಲಿ ಪಾತ್ರೆ ಆರಿಸುವವನಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ವ್ಯವಸ್ಥೆಯ ಕಣ್ಣಲ್ಲಿ ಕಣ್ಣಿಟ್ಟು ನಾನು ಹೇಳಿದೆ: ಒಲ್ಲೆ.’ ಶಿವಗಂಗಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ರಾಕ್ಷಸ ಅಲ್ಲೇ ಇದ್ದ. ಬೆಳಿಗ್ಗೆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದು, ಬಿ.ಪಿ. ಮಾತ್ರೆ ಎಲ್ಲಿ ಎಂದು ಕೇಳಿ, ಸಿಕ್ಕದ ಒಂದು ಕಾಲ್ಚೀಲಕ್ಕಾಗಿ ಮಂಚದ ಕೆಳಗೆ ಬಗ್ಗಿ ಏಳಲಾರದೆ ಶಿವಗಂಗಾಳ ಕೈ ಹಿಡಿದು ಎದ್ದ ರಾಕ್ಷಸ. ಅಕ್ಕ ಯಾರ ಕಣ್ಣಲ್ಲೂ ಕಣ್ಣಿಟ್ಟಿರಲಿಲ್ಲ. ಕೋಣೆಯ ಅಗಳಿ ಹಾಕಿಕೊಂಡು ಒಳಗಿನಿಂದ ಕೂಗಿದ್ದಳು. ಆದರೆ ಕೂಗಿದ್ದಳು. ಅದನ್ನು ಇಲ್ಲ ಎನ್ನಲು ಬರುವುದಿಲ್ಲ.

ಮುಂದೆ ಹೀಗಿತ್ತು: ‘ಹಂದರ ಬರಿದಾಯಿತು. ಬಂದ ನೆಂಟರು ಉಣ್ಣದೆ ಎದ್ದು ಹೋದರು. ಮರುದಿನ ನಸುಕಿನಲ್ಲಿ ನಾನು ಹರಪನಹಳ್ಳಿಯ ಬಸ್ಸು ಹತ್ತಿದೆ. ಮನೆಯಲ್ಲಿ ಒಬ್ಬ ತಂಗಿ ಇದ್ದಳು. ಅವಳಿಗೆ ಓದಿನಲ್ಲಿ ಅಷ್ಟು ಆಸಕ್ತಿ ಇರಲಿಲ್ಲ, ಬೇಗನೆ ಸಂಸಾರ ಹಿಡಿದಳು.’ ಸಿಕ್ಕಳು. ಅಕ್ಕ ಬಸ್ಸು ಹಿಡಿದಂತೆ ತಂಗಿ ಸಂಸಾರ ಹಿಡಿದಿದ್ದಳು, ಇಬ್ಬರೂ ತಮ್ಮ ತಮ್ಮ ಇಷ್ಟದ ಊರಿಗೆ. ನೆಂಟರು ಉಣ್ಣದೆ ಎದ್ದು ಹೋದರಂತೆ. ಅಷ್ಟೂ ಜನ ಅಕ್ಕಿಕಾಳು ಹಾಕಿ, ಗೋಧಿ ಹುಗ್ಗಿಯನ್ನು ಎರಡೆರಡು ಸಲ ಬಡಿಸಿಕೊಂಡು ಉಂಡು, ಕೈ ತೊಳೆದು ಹೋದದ್ದನ್ನು ಅವಳು ತಲೆ ತಗ್ಗಿಸಿ ಕೂತಲ್ಲಿಂದಲೇ ಕಂಡಿದ್ದಳು. ಹಂದರ ಬರಿದಾಗಿರಲಿಲ್ಲ. ಬರಿದಾಗಬಾರದು ಎಂದೇ ಅವಳನ್ನು ಅಲ್ಲಿ ಕೂಡಿಸಿದ್ದು.

ಅವಳು ಆಗ ಶಾಲೆಯಲ್ಲಿ ಒಂಬತ್ತನೇ ಇಯತ್ತೆ. ಅಕ್ಕನ ಜಡೆಗೆಂದು ಹೂವಿನ ದಂಡೆ ಹಿಡಿದು ಓಡುತ್ತ ಬಂದಿದ್ದಳು. ಕೋಣೆಯ ಬಾಗಿಲ ಮುಂದೆ ಅಪ್ಪ ತಲೆಯ ಮೇಲೆ ಟವಲು ಹೊದ್ದು ಕೂತಿದ್ದ. ಅವ್ವ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು. ಒಳಗಿನಿಂದ ಒಲ್ಲೆ, ಸತ್ತರೂ ಒಲ್ಲೆ, ನಾನು ಓದಾಕಿ, ಎಂದು ಕೇಳುತ್ತಿತ್ತು. ಅರಿಷಿಣ ಹಚ್ಚಿದ ಮೇಲೆ ಗಂಡನ್ನು ಬಾಸಿಂಗದಲ್ಲಿ ಹಾಗೇ ಎಬ್ಬಿಸಿ ಕಳಿಸುವಂತಿಲ್ಲ ಎಂದು ಹಿರಿಯರು ಗೊಣಗುತ್ತಿದ್ದರು. ಗಂಡು ಬೇರೆಯವನಾಗಿದ್ದರೆ ಜಗಳವಾಗುತ್ತಿತ್ತು, ಪಂಚಾಯ್ತಿ ಸೇರುತ್ತಿತ್ತು, ಏನೋ ಒಂದು ಆಗುತ್ತಿತ್ತು. ಗಂಡು ಸೋದರಮಾವ. ಅವನಿಗೆ ಅಕ್ಕನಾದರೇನು, ತಂಗಿಯಾದರೇನು, ಇಬ್ಬರೂ ಅಕ್ಕನ ಮಕ್ಕಳೇ. ಅಜ್ಜಿ ಸುತ್ತಲೂ ಒಮ್ಮೆ ನೋಡಿದಳು. ಕಣ್ಣು ಹೂವಿನ ದಂಡೆ ಹಿಡಿದು ನಿಂತವಳ ಮೇಲೆ ಬಂದು ನಿಂತಿತು. “ಬಾರಲೇ ಶಿವಿ, ಮಕ ತೊಳ್ಕಾ,” ಎಂದಳು. ಅವಳ ಮದುವೆಯ ಮಾತುಕತೆ ಅಷ್ಟೇ. ನೇರಳೆ ಬಣ್ಣದ ಧರ್ಮಾವರಂ ಸೀರೆ ಅಕ್ಕನದು. ಕುಪ್ಪಸ ಅಕ್ಕನ ಅಳತೆಯದು, ಸಡಿಲವಾಗುತ್ತದೆಂದು ಚಿಕ್ಕಮ್ಮ ಹಿಂದೆ ಪಿನ್ನು ಚುಚ್ಚಿದ್ದಳು. ಆ ಸೀರೆಯನ್ನು ವಾರದಿಂದ ಕದ್ದು ಕದ್ದು ಮುಟ್ಟಿ ನೋಡುತ್ತಿದ್ದವಳಿಗೆ, ಉಟ್ಟು ಕನ್ನಡಿ ನೋಡಿದಾಗ ಒಂದು ಗಳಿಗೆ ಖುಷಿಯೇ ಆಗಿತ್ತು. ಯಾರಿಗೂ ಹೇಳಿರದ ಮಾತು ಅದು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಅಕ್ಕನನ್ನಲ್ಲ, ಎಂದು ಎದೆ ಉಬ್ಬಿತ್ತು. ಆ ಒಂದು ಗಳಿಗೆಯನ್ನು ನೆನೆದು ಅವಳು ಎಷ್ಟೋ ವರ್ಷ ತನ್ನನ್ನೇ ಬೈದುಕೊಂಡಿದ್ದಳು. ಬಾಯಿ ಬಿಟ್ಟು ಒಲ್ಲೆ ಎನ್ನದಿದ್ದದ್ದು ಭಯಕ್ಕೋ ಸೀರೆಗೋ ಎಂದು ಇವತ್ತಿಗೂ ಅವಳಿಗೆ ಖಚಿತವಿರಲಿಲ್ಲ. ಈಗ ನೋಡಿದರೆ ಗುರುಮೂರ್ತಿ ಮೇಷ್ಟ್ರು ಅದನ್ನು ಒಂದೇ ಸಾಲಿನಲ್ಲಿ ಬಗೆಹರಿಸಿದ್ದರು.

ಆ ಮದುವೆಯ ಭಾಂಡೆಗಳ ಮೇಲೆ ಹೆಸರು ಕೊರೆದವನು ಸ್ವತಃ ಮದುಮಗ. ಆಗಷ್ಟೇ ಅಂಗಡಿ ಇಟ್ಟಿದ್ದ. ಸಣ್ಣ ಉಳಿ ಹಿಡಿದು ಚುಕ್ಕೆ ಚುಕ್ಕೆಯಾಗಿ ಕೊಡ, ಪರಾತ, ಗಂಗಾಳ, ಚರಿಗೆ ಎಲ್ಲದರ ಮೇಲೂ ‘ಚಿ.ಸೌ. ನೀಲಗಂಗಾ’ ಎಂದು ಕೊರೆದು, ಪಕ್ಕದಲ್ಲಿ ಒಂದು ಹೂವನ್ನೂ ಬಿಡಿಸಿದ್ದ. ಹೂವಿನ ಅವಶ್ಯಕತೆ ಇರಲಿಲ್ಲ. ಅಳಿಸಿದರೆ ತಗಡು ತೂತಾಗುತ್ತದೆ ಎಂದು ಆಮೇಲೆ ಹೇಳಿದ. ಹಾಗೆ ಶಿವಗಂಗಾ ಅಕ್ಕನ ಹೆಸರಿನ ಕೊಡದಲ್ಲಿ ನೀರು ತಂದು, ಅಕ್ಕನ ಹೆಸರಿನ ಪರಾತದಲ್ಲಿ ಹಿಟ್ಟು ನಾದಿ, ಅಕ್ಕನ ಹೆಸರಿನ ಗಂಗಾಳದಲ್ಲಿ ಮಕ್ಕಳಿಗೆ ಉಣಿಸಿದಳು. ದಿನಾ ತಿಕ್ಕಿ ತಿಕ್ಕಿ ಅಕ್ಕನ ಹೆಸರನ್ನು ಹೊಳೆಯುವಂತೆ ಇಟ್ಟವಳು ಅವಳೇ. ಮಕ್ಕಳು ಕೇಳಿದಾಗ, ದೊಡ್ಡಮ್ಮ ಉಡುಗೊರೆ ಕೊಟ್ಟದ್ದು ಎಂದಿದ್ದಳು. ಗೊತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಉಳಿದವರು ಮರ್ಯಾದಸ್ಥರು.

ಮಗಳು ಅರ್ಚನಾ ಮಧ್ಯಾಹ್ನಕ್ಕೆ ಬಂದಳು. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಇವತ್ತಿನ ಕಾರ್ಯಕ್ರಮದಲ್ಲಿ ದೊಡ್ಡಮ್ಮನ ಪುಸ್ತಕ ಪರಿಚಯ ಅವಳದೇ. ಅವಳ ಮದುವೆಯ ಮಾತು ಬಂದಾಗ ಶಿವಗಂಗಾ, ನಿನಗ ಒಪ್ಪಿಗಿ ಐತೇನು ಎಂದು ಕೇಳಿ ಕೇಳಿ ಅವಳ ತಲೆ ತಿಂದಿದ್ದಳು. ನಾನೇ ಇಷ್ಟಪಟ್ಟು ಆರಿಸಿದ ಹುಡುಗನನ್ನು ನಾನು ಒಪ್ಪಿದ್ದೇನೋ ಇಲ್ಲವೋ ಎಂದು ಎಷ್ಟು ಸಲ ಕೇಳ್ತೀಯಮ್ಮ ಎಂದು ಅರ್ಚನಾ ರೇಗಿದ್ದಳು. ಈಗ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಹಾಳೆಗಳ ನಡುವೆ ಬಣ್ಣದ ಚೀಟಿ ಸಿಕ್ಕಿಸಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿ ರೊಟ್ಟಿಗೆ ಪಲ್ಯ ಹಚ್ಚಿಕೊಳ್ಳುತ್ತ ಹೇಳಿದಳು:

“ನಾಲ್ಕನೇ ಅಧ್ಯಾಯ ಪೂರ್ತಿ ಓದಿಬಿಡ್ತೀನಮ್ಮ. ನಮ್ಮ ಹುಡುಗೀರಿಗೆ ಕ್ಲಾಸಿನ್ಯಾಗ ಓದಿದ್ರ ಅತ್ತುಬಿಟ್ರು. ಆ ಕಾಲದಾಗ, ಆ ಊರಾಗ, ಒಲ್ಲೆ ಅನ್ನೋದು ಅಂದ್ರ ಸಣ್ಣ ಮಾತೇನು?”

“ಅಲ್ಲ.”

“ನೀ ಅವಾಗ ಮನ್ಯಾಗ ಇದ್ದೇನು?”

“ಇದ್ದೆ.”

“ಏನ್ ಮಾಡಾಕತ್ತಿದ್ದಿ?”

“ಮಕ ತೊಳ್ಕಳಾಕತ್ತಿದ್ದೆ.”

ಅರ್ಚನಾ ನಕ್ಕಳು. ಅಮ್ಮ ಅಂದರೆ ಹೀಗೇ ಎಂಬ ನಗು. ಊರಿಗೆ ಊರೇ ಹತ್ತಿ ಉರಿಯುವಾಗ ಮುಖ ತೊಳೆಯುತ್ತ ನಿಲ್ಲುವ ಹೆಂಗಸರು ಎಲ್ಲ ಕಾಲದಲ್ಲೂ ಇರುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಅವಳು ಪಾಠ ಮಾಡುವವಳು. “ನೀ ಭಾಳ ಪಾಪದಾಕಿ ಅಮ್ಮ. ದೊಡ್ಡಮ್ಮನ ಗುಣ ಒಂದೀಟರ ನಿನಗ ಬಂದಿದ್ರ,” ಎಂದು ಪ್ರೀತಿಯಿಂದಲೇ ಹೇಳಿ, ಆಮೇಲೆ ಕೇಳಿದಳು: “ಆ ಗಂಡು ಯಾರಂತ ನಿನಗ ಗೊತ್ತೇನು? ಬದುಕ್ಯಾನೇನು ಇನ್ನ?”

ಶಿವಗಂಗಾ ತವೆಯ ಮೇಲಿನ ರೊಟ್ಟಿ ತಿರುವಿದಳು. ಈಗ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅರ್ಚನಾ ಏನು ಮಾಡುತ್ತಾಳೆ? ಆ ಅಧ್ಯಾಯ ಓದುವುದಿಲ್ಲ. ದೊಡ್ಡಮ್ಮನ ಫೋಟೋವನ್ನು ಮೊಬೈಲಿನಿಂದ ತೆಗೆಯುತ್ತಾಳೆ. ಅಪ್ಪನ ಮುಖ ನೋಡುವಾಗಲೆಲ್ಲ ಹಲ್ಲು ನೋಡುತ್ತಾಳೆ. ಅಮ್ಮನನ್ನು ಅಪ್ಪಿಕೊಂಡು ಅಳುತ್ತಾಳೆ, ಆಮೇಲೆ ಕ್ಲಾಸಿನಲ್ಲಿ ಹುಡುಗಿಯರಿಗೆ ಹೇಳಿ ಅವರನ್ನೂ ಅಳಿಸುತ್ತಾಳೆ. ತನ್ನ ಬದುಕು ಯಾರದೋ ಐದನೇ ಅಧ್ಯಾಯವಾಗುವುದು ಶಿವಗಂಗಾಳಿಗೆ ಬೇಕಿರಲಿಲ್ಲ. ಆದರೆ ಸುಮ್ಮನಿದ್ದರೆ ಸಂಜೆಯೊಳಗೆ ಆ ಮನುಷ್ಯ ಮುಂದಿನ ಸಾಲಿನಲ್ಲಿ ಕೂತು, ತನ್ನ ಸ್ವಂತ ಮಗಳ ಬಾಯಿಂದಲೇ, ಮೈಕಿನಲ್ಲಿ, ತಾನು ರಾಕ್ಷಸ ಎಂದು ಕೇಳಬೇಕು. ಅವನು ಅಕ್ಕನಿಗಾಗಿ ಕೊರೆದ ಆ ಹೂವನ್ನು ಅವಳು ಎಂದೂ ಕ್ಷಮಿಸಿರಲಿಲ್ಲ. ಆದರೂ ಈ ಅವಮಾನ ಅವನಿಗೆ ಬೇಡ ಅನ್ನಿಸಿತು.

“ಬದುಕ್ಯಾನ,” ಎಂದಳು. ಇನ್ನೊಂದು ರೊಟ್ಟಿ ಬಡಿಯಲು ಕೂತಳು.

ಕೊಟ್ರಬಸಪ್ಪ ಊಟಕ್ಕೆ ಬಂದ. ಕೈಕಾಲು ತೊಳೆದು, ಎಲೆ ಅಡಿಕೆ ಬಿಟ್ಟ ಮೇಲೆ ಕಟ್ಟಿಸಿದ ಹಲ್ಲಿನಲ್ಲಿ ರೊಟ್ಟಿಯನ್ನು ಸಾವಕಾಶ ಅಗಿಯುತ್ತ, ಏನ ಓದ್ತೀಯವ್ವ ಅಲ್ಲಿ ಎಂದು ಮಗಳನ್ನು ಕೇಳಿದ. ನಾಲ್ಕನೇ ಅಧ್ಯಾಯ ಎಂದಳು ಅರ್ಚನಾ.

“ಅದು ಬ್ಯಾಡ,” ಎಂದಳು ಶಿವಗಂಗಾ. “ಉದ್ದ ಐತಿ. ಹಾಸ್ಟೆಲ್ಲಿಂದು ಓದು, ಆ ಸಾರಾಯಿ ಅಂಗಡೀದು ಓದು.”

“ಅಮ್ಮ, ನೀ ಒಂಬತ್ತನೇತ್ತಕ್ಕ ಶಾಲಿ ಬಿಟ್ಟಾಕಿ. ನನಗ ಹೇಳ್ಕೊಡಬ್ಯಾಡ,” ಎಂದು ಅರ್ಚನಾ ನಗುತ್ತ ಹೇಳಿದಳು.

“ಓದು, ಓದು,” ಎಂದ ಕೊಟ್ರಬಸಪ್ಪ, ತಟ್ಟೆಯಿಂದ ತಲೆ ಎತ್ತದೆ. “ಯಾವುದು ಚಂದ ಐತೋ ಅದನ್ನ ಓದು.”

ಕಾರ್ಯಕ್ರಮ ಕಲ್ಯಾಣ ಮಂಟಪದಲ್ಲಿತ್ತು. ಕಾಲೇಜಿನ ಹಾಲಿನಲ್ಲಿ ಪರೀಕ್ಷೆ ನಡೆದಿತ್ತಂತೆ. ಹಿಂದಿನ ದಿನ ಯಾರದೋ ಮದುವೆಯಾಗಿ, ವೇದಿಕೆಯ ಪ್ಲಾಸ್ಟಿಕ್ ಹೂವಿನ ಕಮಾನು, ಮದುಮಕ್ಕಳು ಕೂರುವ ಕೆಂಪು ಸೋಫಾ ಹಾಗೇ ಇದ್ದವು. ವಧೂವರರ ಹೆಸರಿನ ಮೇಲೆ ಪುಸ್ತಕದ ಬ್ಯಾನರು ಕಟ್ಟಿದ್ದರು. ಮದುವೆ ಒಲ್ಲೆನೆಂದವಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಐದು ತಾಲೂಕಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅಕ್ಕ ತಡವಾಗಿ ಬಂದಳು, ಬಂದ ಕೂಡಲೇ ಎಲ್ಲರೂ ಎದ್ದರು. ದಪ್ಪ ಅಂಚಿನ ಕೈಮಗ್ಗದ ಸೀರೆ, ಹಣೆಯಲ್ಲಿ ವಿಭೂತಿಯ ತೆಳು ಗೆರೆ, ದೊಡ್ಡ ಕನ್ನಡಕ. ಸೀದಾ ಶಿವಗಂಗಾಳ ಹತ್ತಿರ ಬಂದು ಎರಡೂ ಕೈ ಹಿಡಿದಳು.

“ಓದಿದೇನಲೇ ಶಿವಿ? ನಿನ್ನ ಬಗ್ಗೆನೂ ಬರ್ದೀನಿ ನೋಡು.”

“ಓದಿದೆ ಅಕ್ಕ. ಒಂದು ಸಾಲು.”

“ನಾನು ಭಾಳ ಹೇಳಿದ್ದೆ. ಗುರುಮೂರ್ತಿ ಸರ್ ಕಡಿಮಿ ಮಾಡಿಬಿಟ್ರು. ಓದೋರಿಗೆ ದಾರಿ ತಪ್ತತಿ ಅಂದ್ರು.” ಹಿಡಿದ ಕೈ ಬಿಟ್ಟಿರಲಿಲ್ಲ. ದನಿ ತಗ್ಗಿಸಿ, “ನಿನಗ ಸಿಟ್ಟಿಲ್ಲಲ್ಲ?” ಎಂದಳು. ಆ ಒಂದು ಕ್ಷಣ ಅಕ್ಕನ ಮುಖ ಹೊದಿಕೆಯ ಮೇಲಿನ ಮುಖವಾಗಿರಲಿಲ್ಲ. ಬಾಗಿಲ ಅಗಳಿ ತೆಗೆದು ಹೊರಗೆ ಬಂದು, ಅಂಗಳದಲ್ಲಿ ತನ್ನ ಸೀರೆ ಉಟ್ಟು ಕೂತ ತಂಗಿಯನ್ನು ಕಂಡ ಹುಡುಗಿಯ ಮುಖವಾಗಿತ್ತು. ಯಾವುದಕ್ಕ, ಎಂದು ಶಿವಗಂಗಾ ಕೇಳಿದಳು. ಉತ್ತರ ಬರುವಷ್ಟರಲ್ಲಿ ಕಾರ್ಯಕ್ರಮದ ನಿರೂಪಕ ಹಾಲಸ್ವಾಮಿ ಮೈಕಿನಲ್ಲಿ ಅಮ್ಮನವರು ವೇದಿಕೆಗೆ ಬರಬೇಕು ಎಂದು ಕರೆದ, ಅಕ್ಕ ಬಹಳ ಹಗುರಾಗಿ ಮೆಟ್ಟಿಲು ಹತ್ತಿದಳು. ಕೆಂಪು ಸೋಫಾದಲ್ಲಿ ಮದುಮಗಳು ಕೂರುವ ಜಾಗದಲ್ಲಿ ಅವಳನ್ನು ಕೂಡಿಸಿದರು.

ಸ್ವಾಗತ, ಪ್ರಾರ್ಥನೆ, ದೀಪ. ಆಮೇಲೆ ಪುಸ್ತಕವನ್ನು ಮನೆಮನೆಗೆ ಮುಟ್ಟಿಸಿದ ಪಾತ್ರೆ ವ್ಯಾಪಾರಿ ಶ್ರೀ ಕೊಟ್ರಬಸಪ್ಪನವರಿಗೆ ಲೇಖಕಿಯವರಿಂದಲೇ ಸನ್ಮಾನ ಎಂದು ಹಾಲಸ್ವಾಮಿ ಘೋಷಿಸಿದ. ಕೊಟ್ರಬಸಪ್ಪ ಇಸ್ತ್ರಿ ಧೋತರದ ಚುಂಗು ಹಿಡಿದು ಮೆಟ್ಟಿಲು ಹತ್ತಿದ. ಪ್ಲಾಸ್ಟಿಕ್ ಹೂವಿನ ಕಮಾನಿನ ಕೆಳಗೆ ಅಕ್ಕ ಎದ್ದು ನಿಂತು, ತಟ್ಟೆಯಿಂದ ಸೇವಂತಿಗೆ ಹಾರ ಎತ್ತಿ ಮಾವನ ಕೊರಳಿಗೆ ಹಾಕಿದಳು. ಫೋಟೋದವನು ಈ ಕಡೆ ನೋಡ್ರಿ ಎಂದ. ಇಬ್ಬರೂ ಈ ಕಡೆ ನೋಡಿದರು. ಶಿವಗಂಗಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಆಗಬೇಕಾಗಿದ್ದದ್ದು ಕೊನೆಗೂ ಆಯಿತು ಎಂದುಕೊಂಡಳು. ಎಷ್ಟು ಚೆನ್ನಾಗಿ ನಿಂತಿದ್ದಾರೆ ಇಬ್ಬರೂ ಅನ್ನಿಸಿತು. ಅವನು ಹಾರ ಹಾಕಿಕೊಂಡೇ ಬಂದು ಪಕ್ಕದಲ್ಲಿ ಕೂತ. ಸೇವಂತಿಗೆಯ ವಾಸನೆ ಅವಳ ಮುಖದ ಮೇಲೆಲ್ಲ ಬಡಿಯಿತು.

ಅರ್ಚನಾ ಓದಿದಳು. ದನಿ ಚೆನ್ನಾಗಿತ್ತು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದಳು. ಎಲೆ ಅಡಿಕೆ ಬಂತು, ಹಲ್ಲು ಬಂತು, ರಾಕ್ಷಸ ಬಂದ. ವೇದಿಕೆಯ ಮೇಲೆ ಅಕ್ಕ ತನ್ನ ಸೆರಗಿನ ಅಂಚನ್ನೇ ನೋಡುತ್ತಿದ್ದಳು. ಶಿವಗಂಗಾ ಗಂಡನ ಮುಖ ನೋಡಲಾರದೆ ಅವನ ಕೈ ನೋಡಿದಳು. ತೊಡೆಯ ಮೇಲೆ ಎರಡೂ ಕೈ ಅಂಗಾತ ಇದ್ದವು. ‘ಅಂಗಡಿಯಲ್ಲಿ ಪಾತ್ರೆ ಆರಿಸುವವನಂತೆ’ ಎಂದಾಗ ಒಂದು ಬೆರಳು ಅಲುಗಿತು, ಅಷ್ಟೇ. ‘ಒಲ್ಲೆ’ ಎಂದು ಅರ್ಚನಾ ಹೇಳಿ ನಿಲ್ಲಿಸಿದಾಗ ಇಡೀ ಮಂಟಪ ಚಪ್ಪಾಳೆ ತಟ್ಟಿತು. ಹಿಂದೆ ಕೂತ ಕಾಲೇಜಿನ ಹುಡುಗಿಯರು ಸಿಳ್ಳೆ ಹೊಡೆದರು. ಕೊಟ್ರಬಸಪ್ಪನ ಕೈಗಳೂ ಮೇಲೆದ್ದು ಚಪ್ಪಾಳೆ ತಟ್ಟಿದವು. ಸುಮ್ಮನೆ ತಟ್ಟಲಿಲ್ಲ, ಎಲ್ಲರೂ ನಿಲ್ಲಿಸಿದ ಮೇಲೂ ಎರಡು ಸಲ ಹೆಚ್ಚಿಗೆ ತಟ್ಟಿದ. ಇವನಿಗೆ ತಿಳಿಯಲೇ ಇಲ್ಲ ಎಂದು ಶಿವಗಂಗಾಳಿಗೆ ಸಮಾಧಾನವಾಯಿತು. ಮರುಗಳಿಗೆ ಸಿಟ್ಟು ಬಂತು. ಇಷ್ಟು ದಡ್ಡ ಮನುಷ್ಯನ ಮರ್ಯಾದೆಗಾಗಿ ತಾನು ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದಳಲ್ಲ.

ಮಿರ್ಚಿ ಮಂಡಕ್ಕಿ ಆದ ಮೇಲೆ ಅಕ್ಕನ ಕಾರು ಹೊಸಪೇಟೆ ಕಡೆ ಹೊರಟಿತು. ಅರ್ಚನಾ ಅದರಲ್ಲೇ ಹಗರಿಬೊಮ್ಮನಹಳ್ಳಿಯವರೆಗೆ ಹೋಗುತ್ತೇನೆಂದು ಹತ್ತಿಕೊಂಡಳು. ಗಂಡ ಹೆಂಡತಿ ಪ್ಯಾಟೆಯ ರಸ್ತೆಯಲ್ಲಿ ನಡೆದು ಬಂದರು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅವನು ಎಂದಿನಂತೆ ಎರಡು ಹೆಜ್ಜೆ ಮುಂದೆ, ಹಾರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು.

“ಚಂದ ಓದಿದ್ಲು,” ಎಂದ ಕೊಟ್ರಬಸಪ್ಪ.

“ಏನ್ ಓದಿದ್ಲು ಅಂತ ತಿಳೀತೇನು ಮಾವ?”

“ತಿಳೀದೇ ಏನು. ಪುಸ್ತಕ ಬಂದ ದಿನಾನ ಅಂಗಡ್ಯಾಗ ಕುಂತು ಓದೀನಿ. ಎರಡು ಸಲ.” ಅವನು ತಿರುಗಿ ನೋಡಲಿಲ್ಲ. “ನೀಲಾ ಖರೇನ ಬರ್ದಾಳ. ಹಲ್ಲು ಕೆಂಪಗ ಇದ್ವು.”

“ಓದಿ, ಮತ್ತ ಊರಿಗೆಲ್ಲ ಹಂಚ್ತೀರಿ?”

“ಮದುವಿ ಆಗೋ ಹುಡುಗ್ಯಾರು ಓದ್ಲಿ ಅಂತ. ಒಲ್ಲೆ ಅನ್ನೋರು ಮೊದ್ಲ ಅಂದುಬಿಡ್ಲಿ, ಭಾಂಡೆ ಮ್ಯಾಲೆ ಹೆಸರು ಕೊರಿಯಾಕ ಮೊದ್ಲ. ಆಮ್ಯಾಲೆ ಭಾಳ ತ್ರಾಸ.” ಹೇಳಿ ಸ್ವಲ್ಪ ಹೊತ್ತು ನಡೆದ. ಒಂದು ಆಟೋ ಹಾರನ್ ಹೊಡೆಯುತ್ತ ದಾಟಿಹೋಯಿತು. “ಅಕಿ ಬರೀದ ಬಿಟ್ಟಿದ್ದು ಒಂದ ಐತಿ. ನಿನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಬಾಸಿಂಗ ಕಟ್ಟಿದ್ರು, ಬಗಲಾಗ ತಂದು ಕುಂದ್ರಿಸಿದ್ರು, ತಲಿ ಎತ್ತಿ ನೋಡಿದ್ರ ನೀನು.” ಅವನ ಹೆಜ್ಜೆ ನಿಧಾನವಾಯಿತು. “ಅವತ್ತು ಕೇಳಿದ್ದಿದ್ರ ಏನ್ ಅಂತಿದ್ದಿ?”

ಅಕ್ಕ ಕೇಳಬೇಕಾದ ಪ್ರಶ್ನೆ ಇದು. ಅಪ್ಪ, ಅವ್ವ, ಅಜ್ಜಿ ಕೇಳಬೇಕಾದ ಪ್ರಶ್ನೆ. ಗುರುಮೂರ್ತಿ ಮೇಷ್ಟ್ರು ಒಂದು ಫೋನು ಮಾಡಿಯಾದರೂ ಕೇಳಬಹುದಾಗಿತ್ತು. ಕೊನೆಗೆ ಕೇಳಿದವನು ರಾಕ್ಷಸ, ಅದೂ ಪ್ಯಾಟೆಯ ನಡುವೆ, ಹಾರದ ಚೀಲ ಹಿಡಿದು. ಇಷ್ಟು ವರ್ಷ ಒಟ್ಟಿಗೆ ಉಂಡದ್ದಕ್ಕೆ, ಹೆತ್ತದ್ದಕ್ಕೆ, ಕಾಯಿಲೆಯಲ್ಲಿ ಕೂತು ನೋಡಿಕೊಂಡದ್ದಕ್ಕೆ ಒಂದು ಮೆತ್ತನೆ ಮಾತು ಹೇಳಬಹುದಿತ್ತು. ಸೀರೆಯ ಖುಷಿ ನೆನಪಾಯಿತು, ಹೂಂ ಅಂತಿದ್ದೆನೋ ಏನೋ ಎಂದೂ ಅನ್ನಿಸಿತು. ಯಾವುದು ಖರೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಆ ಮಾತನ್ನು ಒಂದು ಸಲವಾದರೂ ತನ್ನ ನಾಲಗೆಯಲ್ಲಿ ಹಾಕಿಕೊಂಡು ನೋಡಬೇಕಿತ್ತು.

“ಒಲ್ಲೆ ಅಂತಿದ್ದೆ, ಮಾವ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊಟ್ರಬಸಪ್ಪ ತಲೆ ಅಲುಗಿಸಿದ, ಒಂದು ಪಾತ್ರೆಯ ತೂಕ ಸರಿಯಿದೆ ಎನ್ನುವವನಂತೆ.

“ಹೂಂ,” ಎಂದ. “ನಾನೂ ಒಲ್ಲೆ ಅನಬೇಕಿತ್ತು. ಬಾಯಿ ಬರ್ಲಿಲ್ಲ.”

ಅವನು ಮುಂದೆ ನಡೆದ. ಶಿವಗಂಗಾ ನಿಂತಳು. ಅವನಿಗೂ ತಾನು ಬೇಕಿರಲಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ದಿನಾ ಭಾಂಡೆಗಳ ಮೇಲೆ ತಿಕ್ಕುತ್ತಿದ್ದ ಸುದ್ದಿಯೇ. ಆದರೆ ಬಾಯಿ ಬಿಟ್ಟು ಹೇಳಿದಾಗ ಅದು ಎದೆಗೆ ನೇರ ಹೊಡೆಯಿತು. ತಾನು ಒಲ್ಲೆ ಎಂದದ್ದರ ಹಗುರು ಪೂರಾ ಅನುಭವಿಸುವ ಮೊದಲೇ ತನ್ನನ್ನೂ ಒಬ್ಬರು ಒಲ್ಲೆ ಎಂದಿದ್ದರು. ಅಳು ಬಂತು, ಅಳುವಿಗಿಂತ ಜೋರಾಗಿ ಸಿಟ್ಟು ಬಂತು. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಮಂಡಕ್ಕಿ ಭಟ್ಟಿಯ ನಡುವಿನ ರಸ್ತೆ ಅದು, ಎಲ್ಲ ಪರಿಚಯದವರು.

“ಅವತ್ತಿಂದು ಆತು ಬಿಡ್ರಿ,” ಎಂದಳು. “ಈಗ?”

ಅವನು ತಿರುಗಿದ. “ಏನ್ ಈಗ?”

“ಈಗ ಕೇಳಿದ್ರ ಏನಂತೀರಿ?”

“ಈಗ ಏನ್ ಕೇಳ್ತಿ, ಹುಚ್ಚಿ. ನಡಿ ಮನಿಗೆ.”

“ಹೇಳ್ರಿ. ಹೇಳೋ ತನಕ ನಾನು ಇಲ್ಲಿಂದ ಬರಾಕಿಲ್ಲ.”

ಹಿಂದೆ ಬಂದ ಎತ್ತಿನ ಗಾಡಿ ನಿಂತಿತು. ಒಂದು ಬೈಕು ನಿಂತಿತು. ಔಷಧಿ ಅಂಗಡಿಯ ಪಾಲಾಕ್ಷಪ್ಪ ಕೌಂಟರಿನಿಂದ ಕತ್ತು ಚಾಚಿ, ಏನಾತು ಕೊಟ್ರಬಸಪ್ಪನವ್ರೇ ಎಂದ. ಕೊಟ್ರಬಸಪ್ಪ ಅತ್ತ ನೋಡಿದ, ಇತ್ತ ನೋಡಿದ, ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕಿವಿ ಕೆಂಪಾಗಿದ್ದವು. ಆ ಎರಡು ಹೆಜ್ಜೆ ಹಿಂದಕ್ಕೆ ಬಂದು, ಅವಳ ಮುಖ ನೋಡಲಾರದೆ ಅವಳ ಕಾಲಿನ ಹತ್ತಿರದ ಮಣ್ಣು ನೋಡುತ್ತ, ತುಟಿ ಅಲುಗಿದಷ್ಟೇ ಮೆಲ್ಲಗೆ ಹೇಳಿದ:

“ಬೇಕು.”

ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು.

“ಕೇಳಿಸ್ಲಿಲ್ಲ, ಮಾವ,” ಎಂದಳು ಶಿವಗಂಗಾ. “ಜೋರಾಗಿ ಹೇಳ್ರಿ.”